ಪುರ್ಸು ಹರಿಕಂತ್ರ, ನಂಬರು ೪೧೭

ಬೈತಖೋಲದ ಸೊಸೈಟಿ ಮಹಡಿಯಲ್ಲಿ
ಐಸು ಪುಡಿಯಾಗುವ ಸದ್ದಿನ ಮೇಲೆ ನನ್ನ ಮೇಜು.
ಸರ್ವರು ಕಳಿಸುವುದು ತುಂಬಿದ ದೋಣಿ:
ಆವರಣದೊಳಗೆ ಆವರಣ, ಅದರೊಳಗೆ
ಖಲಾಸಿ, ಅವನ ಊರು, ಅವನ ಫೋನು.
ಪರದೆ ಕಡೆಯ ಲೈಬ್ರರಿ ಒಪ್ಪುವುದಿಲ್ಲ.
ಜನರನ್ನು ಇಳಿಸು, ಬೇರೆ ಸಾಲು ಮಾಡು,
ದೋಣಿಯಲ್ಲಿ ಬರೀ ನಂಬರು ಬಿಡು, ಅನ್ನುತ್ತದೆ.

ಇಳಿಸುತ್ತ ಹೋದೆ.
ಪುರ್ಸು ಹರಿಕಂತ್ರ ಎರಡು ಸಲ ಇಳಿದ,
ಎರಡು ದೋಣಿಯಿಂದ.
ಅದೇ ನಾಲ್ಕುನೂರ ಹದಿನೇಳು,
ಫೋನು ಮಾತ್ರ ಬೇರೆ ಬೇರೆ.
ಕೊನೆಗೆ ಬಂದದ್ದೇ ಉಳಿಯುತ್ತದೆ; ಲೈಬ್ರರಿಯ ನ್ಯಾಯ.

ಧಕ್ಕೆಗೆ ಹೋಗಿ ಕೇಳಿದೆ.
ಹರಿದ ಬಲೆ ಕಾಲ್ಬೆರಳಿಗೆ ಸಿಕ್ಕಿಸಿ ಹೊಲಿಯುತ್ತಿದ್ದ.
"ಎರಡೂ ಸುಳ್ಳು. ಒಂದು ಹಳೇದು,
ಇನ್ನೊಂದು ದೇವಗಡದ ಹತ್ರ ನೀರಿಗೆ ಬಿತ್ತು.
ಹೆಂಡ್ತೀದು ಬರ್ಕೊಳ್ಳಿ."

ಎರಡು ದೋಣಿಗೆ ಕಾಲಿಟ್ಟವ ಮುಳುಗುತ್ತಾನೆ
ಎನ್ನುತ್ತಿದ್ದಳು ಅಜ್ಜಿ.
ಇವನು ಬಂಗಡೆಗೊಂದು, ಸಿಗಡಿಗೊಂದು
ಹತ್ತಿ, ಇಳಿದು,
ಎರಡೂ ಕಡೆ ಮುಂಗಡ ಈಸಿಕೊಂಡು
ತೇಲಿದ್ದಾನೆ.

ಮೇಲೆ ಬಂದು ಎರಡೂ ದೋಣಿಯಲ್ಲಿ ೪೧೭ ಬರೆದೆ,
ಆಳನ್ನು ಒಂದೇ ಸಲ, ಆಳುಗಳ ಸಾಲಿನಲ್ಲಿ.
ಕೆಂಪು ಅಕ್ಷರ ಹೋಯಿತು, ಪರದೆ ತುಂಬಿತು.

ಶೇವಂತಿಗೆ ಯಾವ ಸಾಲೂ ಇರಲಿಲ್ಲ.
ಅವಳ ಫೋನು
ಅವನ ಹೆಸರಿನ ಕೆಳಗೇ ಕೂತಿತು.