ಮೊದಲ ಹತ್ತು ನಿಮಿಷ

ಮೂವತ್ತೊಂದು ವರ್ಷ ಟಾರ್ಚು ಹಿಡಿದೆ,
ಮೊಂಟೆವಿಡಿಯೋದ ಬಂದರಿಗೆ ಇಳಿಯುವ ಬೀದಿಯ
ಆ ಮುನ್ನೂರು ಕುರ್ಚಿಯ ಟಾಕೀಸಿನಲ್ಲಿ.
ತಡವಾಗಿ ಬಂದವರ ಕಾಲಬುಡಕ್ಕೆ ಬೆಳಕು ಚೆಲ್ಲುವುದು, ಅಷ್ಟೇ ಕೆಲಸ.
ಹಾಗಾಗಿ ಯಾವ ಸಿನಿಮಾದ ಶುರುವನ್ನೂ ಕಂಡವಳಲ್ಲ.
ಕೊನೆಯವನನ್ನೂ ಕೂರಿಸಿ ಗೋಡೆಗೊರಗುವ ಹೊತ್ತಿಗೆ
ಕೊಲೆ ಆಗಿಹೋಗಿರುತ್ತದೆ,
ಮದುವೆ ಹಳಸಿರುತ್ತದೆ.
ತಲೆ ಸಿಗುತ್ತದೆ, ಬುಡ ಸಿಗುವುದಿಲ್ಲ.

ನನ್ನನ್ನು ಹೋಗಿ ಕೇಳುತ್ತೀಯಲ್ಲ ಹಿಮೇನಾ, ಯಾವುದು ಚೆನ್ನಾಗಿತ್ತು ಅಂತ.
ಬುರುಡೆಗೆ ಇನ್ನಷ್ಟು ಬಿಸಿನೀರು ಹುಯ್ಯಿ,
ಯೆರ್ಬಾ ಸೊಪ್ಪಿನಲ್ಲಿ ಇನ್ನೂ ಕಹಿಯಿದೆ.

ಕುದುರೆಯ ಸಿನಿಮಾಗಳಲ್ಲಿ ಕುದುರೆ ಇಷ್ಟ.
ಮೇಲೆ ಕೂತವರು, ಊಹೂಂ.
ಅಪ್ಪ ತಕ್ವಾರೆಂಬೋದ ಬಯಲಲ್ಲಿ ದನ ಕಾಯ್ದವನು,
ಒಮ್ಮೆ ಪುಕ್ಕಟೆ ಕೂರಿಸಿದರೆ ಅರ್ಧಕ್ಕೇ ಎದ್ದು ನಿಂತ:
"ಮೂರು ದಿನದಿಂದ ಓಡಿಸ್ತಿದಾನೆ ಬಡ್ಡೀಮಗ,
ಒಂದು ಬಕೆಟ್ ನೀರು ತೋರಿಸಿದನೇನು ಅದಕ್ಕೆ?"
ಅಲ್ಲಿಂದ ಮುಂದೆ ನನಗೂ ಗುಂಡಿನ ಕಾಳಗ ಕಾಣಲಿಲ್ಲ,
ಬರೀ ಬಾಯಾರಿದ ಕುದುರೆ.

ಭಾನುವಾರ ಬೆಳಗ್ಗೆ ಮೂಕಿ ಚಿತ್ರ.
ಕಾಡಿಗೆ ಮೆತ್ತಿದ ಹೆಂಗಸು ಕ್ಷಯದಲ್ಲಿ ಸಾಯುವುದು.
ಅವಳು ಕೆಮ್ಮಿದರೆ ಸದ್ದಿಲ್ಲ ನೋಡು;
ಮೂರನೇ ಸಾಲಿನ ಮುದುಕನೊಬ್ಬ ಅವಳ ಪಾಲಿನದನ್ನೂ ಕೆಮ್ಮುತ್ತಿದ್ದ,
ಸರಿಯಾದ ಹೊತ್ತಿಗೆ, ಒಂದೂ ತಪ್ಪದೆ.
ಪಿಯಾನೋದವನಿಗಿಂತ ವಾಸಿ.

ದೆವ್ವದ್ದು? ದೆವ್ವ ನಾನು ನೋಡಿಯೇ ಇಲ್ಲ.
ಪರದೆಗೆ ಬೆನ್ನು ಮಾಡಿ ಅದಕ್ಕೆ ಕಾದ ಮುಖಗಳನ್ನು ನೋಡಿದೆ.
ಲಂಗರಿನಷ್ಟು ತೂಕದ ಹಮಾಲಿಯೊಬ್ಬ ನನ್ನ ಮೊಣಕೈ ಹಿಡಿದು
"ಬಾಗಿಲು ಯಾವ ಕಡೆ ತಾಯೀ" ಅಂದ.
ಪ್ರೇಮದ್ದು: ಪರದೆಯ ಮುತ್ತಿಗಿಂತ ಕೊನೇ ಸಾಲಿನದು ಉದ್ದ.
ಆ ಕಡೆ ಟಾರ್ಚು ತಿರುಗಿಸಿದ ಪಾಪ ನನಗಿಲ್ಲ.
ಆಕಾಶನೌಕೆ: ನಿದ್ದೆ.
ಕತ್ತಲು ಮಾತ್ರ ಧಾರಾಳ; ಆ ವಾರ ಸೆಲ್ಲಿನ ಖರ್ಚು ಎರಡು ಪಟ್ಟು.

ಇನ್ನೊಂದಿತ್ತು, ಎಲ್ಲಿಯದೋ ಹಿಮದ ದೇಶದ್ದು.
ಒಬ್ಬ ದಡದಲ್ಲಿ ದೋಣಿಗೆ ಕಾಯುತ್ತಾನೆ. ಎರಡೂ ಮುಕ್ಕಾಲು ಗಂಟೆ.
ಬಂದವರು ಎಂಟು ಜನ, ಐದು ಜನರದು ಗೊರಕೆ.
ನಾನು ಅತ್ತೆ. ಯಾಕೆ ಅಂತ ರೀಲು ಓಡಿಸುವ ವಾಲ್ದೆಮಾರ್ ಕೇಳಿದ್ದಕ್ಕೆ
ದೋಣಿ ಬರಲೇ ಇಲ್ಲವಲ್ಲೋ ಅಂದೆ.
ಬಂದಿತ್ತು ಕಣೇ, ಅಂದ,
ಮೊದಲ ರೀಲಿನಲ್ಲೇ.

ಸೈನಿಕರ ಕಾಲದಲ್ಲಿ ರೀಲುಗಳು ತೆಳ್ಳಗಾಗಿ ಬರುತ್ತಿದ್ದವು.
ನ್ಯಾಯಾಧೀಶ ಬಾಯಿ ತೆರೆಯುತ್ತಾನೆ, ತಟ್ಟನೆ ಸಮುದ್ರ.
ಯಾರೂ ನಗಲಿಲ್ಲ.
ಮೂರನೇ ಸಾಲಿನ ಮುದುಕನೂ ಕೆಮ್ಮಲಿಲ್ಲ.

ಎಬೆರ್ ಅಂತ ಒಬ್ಬನಿದ್ದ, ಅಚ್ಚುಮೊಳೆ ಜೋಡಿಸುವವನು,
ಬುಧವಾರ ಬುಧವಾರ ತಡ. ಬೆರಳ ತುಂಬ ಮಸಿ.
"ಇಲ್ಲೀತನಕ ಏನಾಯ್ತು?" ಅನ್ನುವನು, ನಡೆಯುತ್ತಲೇ.
ನನಗೇನು ಗೊತ್ತು! ಆದರೂ
ಹದಿನಾಲ್ಕನೇ ಸಾಲು ಮುಟ್ಟುವಷ್ಟರಲ್ಲಿ ಒಂದು ಶುರು ಕಟ್ಟಿಕೊಡುತ್ತಿದ್ದೆ:
ಆ ಟೋಪಿಯವನು ಇವಳ ತಮ್ಮ, ಚಿಕ್ಕಂದಿನಲ್ಲಿ ರೈಲಲ್ಲಿ ತಪ್ಪಿಸಿಕೊಂಡವನು;
ಆ ನಾಯಿ, ಸತ್ತ ಗಂಡನದು.
ತಲೆಯಾಡಿಸಿ ಕೂರುವನು. ನಂಬಿದನೋ ಇಲ್ಲವೋ, ದೇವರೇ ಬಲ್ಲ.
ಆಮೇಲೊಂದು ಬುಧವಾರ ಬರಲಿಲ್ಲ.
ಅದರ ಮುಂದಿನದೂ.
ಏನಾಯ್ತು ಅಂತ ನನಗೆ ಪಿಸುಗುಟ್ಟುವವರು
ಯಾರೂ ಇರಲಿಲ್ಲ.

ಕೆಲಸ ಬಿಟ್ಟ ದಿನ ಹೂ ಕೊಟ್ಟರು, ನಟ್ಟನಡುವಿನ ಕುರ್ಚಿಯಲ್ಲಿ ಕೂರಿಸಿದರು,
ಆ ಟೋಪಿಯವನ ಸಿನಿಮಾವನ್ನೇ ಹುಡುಕಿ ಬುಡದಿಂದ ಹಾಕಿದರು.
ತಮ್ಮನಲ್ಲವಂತೆ ಅವನು, ವಿಮೆ ಕಂಪನಿಯ ಏಜೆಂಟಂತೆ.
ನಾಯಿ ಪಕ್ಕದ ಮನೆಯದು.
ಛೆ.
ಎಬೆರ್ ನೋಡಿದ್ದೇ ಚೆನ್ನಾಗಿತ್ತು.

ಈಗ ನೀನು ಅಂಗೈಯಗಲದ ಪರದೆಯನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು
ಬಾ ಅಜ್ಜಿ, ಶುರುವಿನಿಂದ ನೋಡೋಣ ಅನ್ನುತ್ತೀ.
ಹಾಕು ಮಗಾ, ನೀನು ಹಾಕು.
ನಾನು ಬುರುಡೆ ತೊಳೆದು ಬರುತ್ತೇನೆ.
ಹತ್ತು ನಿಮಿಷ.