ಬಿಕ್ಕಲಂ

ಗದಗಿನ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಬೇವಿನ ಬುಡಕ್ಕೆ
ಮೂವತ್ತೊಂದು ವರ್ಷದಿಂದ ನನ್ನ ಮೇಜು.
ಖರೇದಿ, ಅಡವು, ವಾಟ್ನಿ, ಬಕ್ಷೀಸು,
ಯಾವ ಪತ್ರಕ್ಕೂ ಕೊನೆಯ ಒಂದು ಸಾಲು ನನ್ನದು:
ಬಿಕ್ಕಲಂ, ತಿಮೊಥಿ ಹಂಚಿನಮನಿ, ಬೆಟಗೇರಿ.

ಶನಿವಾರ ಸಂಜೆ ಮಾತ್ರ ಚರ್ಚಿನ ಹಿಂದಿನ ಕೋಣೆಯಲ್ಲಿ
ದೃಢೀಕರಣದ ಹುಡುಗರಿಗೆ ಪಾಠ.
ಹೋದ ವಾರ ಸೀಮೆಸುಣ್ಣ ಕೈಯಲ್ಲಿರುವಾಗಲೇ ಅಂದೆ:
"ನೀವು ಒಂದು ಹೆಜ್ಜಿ ಇಟ್ಟರ ದೇವರು ಹತ್ತು ಹೆಜ್ಜಿ ಇಡತಾನ.
ವಾಕ್ಯದಾಗ ಐತಿ."
ಹಿಂದಿನ ಬೆಂಚಿನಿಂದ ತಬಿಥಾ:
"ಎಲ್ಲಿ ಐತ್ರಿ ಸರ? ಯಾವ ಅಧ್ಯಾಯ?"
ಪೆನ್ನಿನ ಟೋಪಿ ತೆಗೆದಿಟ್ಟು ಕಾಯುತ್ತ ಕೂತಳು,
ಖಾತೆ ನಂಬರು ಕೇಳಿದ ಗುಮಾಸ್ತನ ಹಾಗೆ.

ಮುಂದಿನ ವಾರ ಹೇಳತೀನಿ, ಅಂದೆ.

ಸೋಮವಾರ ಕೀರ್ತನೆಗಳಲ್ಲಿ ಹುಡುಕಿದೆ, ಮಂಗಳವಾರ ಜ್ಞಾನೋಕ್ತಿಗಳಲ್ಲಿ.
ಪೌಲನ ಪತ್ರಗಳ ಗುಂಟ ಬೆರಳು ಎಳೆದೆ.
ಯಾಕೋಬನಲ್ಲಿ ಹತ್ತಿರದ್ದೊಂದು ಸಿಕ್ಕಿತು. ಹತ್ತಿರದ್ದು, ಅಷ್ಟೇ,
ಪಕ್ಕದ ಸರ್ವೇ ನಂಬರಿನ ಹೊಲದಂಥದ್ದು.
ಎಣಿಸಿದ ಹೆಜ್ಜೆ ಎಲ್ಲೂ ಇಲ್ಲ. ಒಂದೂ ಇಲ್ಲ, ಹತ್ತೂ ಇಲ್ಲ.
ಬುಧವಾರ ರಾತ್ರಿ ಲೈಟು ಹೋದಾಗ ನೆನಪಾಯಿತು,
ಅದು ಅವ್ವನ ಮಾತು.
ಮಗ್ಗದ ಮನೆಗಳಿಗೆ ಕಂಡಿಕೆ ಸುತ್ತಿ ಕೊಡುತ್ತಿದ್ದಾಕಿ,
ಓದು ಬಾರದಾಕಿ, ರಾಟಿಯ ಸದ್ದಿನ ನಡುವೆ ಅಂದದ್ದು
ನನ್ನ ತಲೆಯೊಳಗೆ ಯಾವಾಗಲೋ
ಅಧ್ಯಾಯ, ವಚನ ಮಾಡಿಸಿಕೊಂಡು ಕೂತಿತ್ತು.

ಮೇಣಬತ್ತಿ ಹಚ್ಚಿ ತೆರೆದದ್ದು ಆದಿಕಾಂಡ, ಹದಿನೈದು.
ನೂರು ಸಲ ಓದಿದ್ದೇ. ಅವತ್ತು ಮಾತ್ರ
ಪತ್ರ ಬರೆಯುವವನ ಕಣ್ಣಿಂದ ಓದಿದೆ.

ಆಸ್ತಿ ಉಂಟು. ಚಕ್ಕುಬಂದಿ ಉಂಟು:
ಈ ಕಡೆ ಐಗುಪ್ತದ ಹೊಳೆ, ಆ ಕಡೆ ಯೂಫ್ರೇಟಿಸ್.
ಛಾಪಾ ಕಾಗದದ ಬದಲು ಕಡಸು, ಆಡು, ಟಗರು,
ನಡುವಿಗೆ ಸೀಳಿ ಎದುರುಬದುರು ಇಟ್ಟದ್ದು.
ಮಾತು ತಪ್ಪಿದವನ ಗತಿ ಇದು, ಎಂಬುದೇ ಷರತ್ತು;
ಅದಕ್ಕೆ ಅಕ್ಷರ ಬೇಡ, ನೆತ್ತರು ಕುಡಿದ ಮಣ್ಣು ಸಾಕು.
ಹದ್ದುಗಳು ಎರಗುತ್ತವೆ. ಮುದುಕ ಓಡಿಸುತ್ತಾನೆ, ಹೊತ್ತು ಮುಳುಗುವ ತನಕ.
ಆಮೇಲೆ ಇಬ್ಬರೂ ಆ ತುಂಡುಗಳ ನಡುವೆ ನಡೆಯಬೇಕು.
ಆ ಕಾಲದ ಸಹಿ ಅದು.

ಬರೆಸಿಕೊಳ್ಳುವವನಿಗೆ ನಿದ್ದೆ ಹತ್ತಿತು!
ನನ್ನ ಮೇಜಿಗೆ ಬಂದಿದ್ದರೆ ವಾಪಸು ಕಳಿಸುತ್ತಿದ್ದೆ:
ಪಾರ್ಟಿ ಎಚ್ಚರ ಇರಬೇಕು, ಸ್ವಸ್ಥ ಬುದ್ಧಿ, ರಾಜಿಖುಷಿ...
ಅಲ್ಲಿ ಕಗ್ಗತ್ತಲು. ಹೊಗೆಯಾಡುವ ಒಂದು ಒಲೆ, ಒಂದು ಪಂಜು,
ಒಬ್ಬನೇ ನಡೆದ
ಈ ತುದಿಯಿಂದ ಆ ತುದಿಗೆ,
ಬರೆದುಕೊಟ್ಟವನೂ ತಾನೇ,
ಇಬ್ಬರ ಜುಲ್ಮಾನೆಗೂ ತಾನೇ ಜಾಮೀನು.

ಮೂವತ್ತೊಂದು ವರ್ಷದಲ್ಲಿ ಅಂಥ ಪತ್ರ ನಾ ಬರೆದಿಲ್ಲ.
ಬಕ್ಷೀಸಿನಲ್ಲೂ ಜನ ಕೊನೆಗೊಂದು 'ಆದರೆ' ಹಾಕಿಸುತ್ತಾರೆ.

ಮೇಣ ಕರಗಿ ಹಾಳೆಯ ಅಂಚಿಗೆ ಬರುವಷ್ಟರಲ್ಲಿ
ಇನ್ನೊಂದು ರಾತ್ರಿ: ಮಾಳಿಗೆಯ ಮೇಲೆ ಊಟ,
ರೊಟ್ಟಿ ಮುರಿದು, ಬಟ್ಟಲೆತ್ತಿ, ಒಡಂಬಡಿಕೆ ಹೊಸದು ಅಂದವನು.
ಆಮೇಲೆ ತೋಟದಲ್ಲಿ
ಅವನ ಮಂದಿಗೂ ನಿದ್ದೆ.
ಮತ್ತೆ ಒಬ್ಬನೇ ನಡೆದ.
ಜುಲ್ಮಾನೆ ಈ ಸಲ ವಸೂಲಾಯಿತು.

ಶನಿವಾರ ಬೋರ್ಡಿನ ಮೇಲೆ ನನ್ನ ಸಾಲು ಬರೆದೆ,
ಅಡ್ಡಗೆರೆ ಎಳೆದೆ, ಪಕ್ಕಕ್ಕೆ ಸಹಿ ಹಾಕಿದೆ.
ಹೊಡೆದುಹಾಕಿದ್ದಕ್ಕೂ ಸಹಿ ಬೇಕು, ನಮ್ಮ ಕಸುಬಿನ ಶಿಸ್ತು.
"ವಾಕ್ಯದಾಗ ಇಲ್ಲ. ನಮ್ಮವ್ವ ಹೇಳಿದ್ದು."
ತಬಿಥಾ ಬರೆದುಕೊಂಡಳು. ಮತ್ತೆ ಕೈ ಎತ್ತಿದಳು:
"ಮೂರು ಅಧ್ಯಾಯದ ಹಿಂದ ಅಬ್ರಾಮ ಊರು ಬಿಟ್ಟು ನಡದಾನಲ್ರಿ ಸರ,
ಅದು ಹೆಜ್ಜಿ ಅಲ್ಲೇನ್ರಿ?"
ಮೊದಲು ಕರೆದವ ಯಾರು, ಎಂಬುದು ನಾಲಿಗೆ ತುದಿಯಲ್ಲಿತ್ತು.
ಹೇಳಲಿಲ್ಲ. ಪುಟ ತೆಗೀರಿ, ಅಂದೆ.
ಹನ್ನೊಂದು ಪುಸ್ತಕ ಒಮ್ಮೆಲೇ ತೆರೆದ ಸದ್ದು,
ಕಿಟಕಿಯಾಚೆ ಯಾರದೋ ಮನೆಯ ಮಗ್ಗ.

ಅವ್ವಾ, ನಿನ್ನ ಮಾತು ಪತ್ರದ ಒಳಗಿಂದ ತೆಗೆದೆ,
ಸಿಟ್ಟಾಗಬೇಡ.
ಕೆಳಗೆ, ಸಾಕ್ಷಿದಾರರ ಸಾಲಿನಲ್ಲಿ
ಜಾಗ ಬಿಟ್ಟಿದ್ದೀನಿ
ನಿನ್ನ ಎಡಗೈ ಹೆಬ್ಬೆಟ್ಟಿಗೆ.