ಚಕ್ಕುಬಂದಿಯಿಲ್ಲದ ಸ್ವತ್ತು

ಮಾಲ್ಡನ್ನಿನ ಕಟ್ಟೆಯಲ್ಲಿ ಇಳಿತದ ಹೊತ್ತು.
ಕೆಸರಿನಲ್ಲಿ ಮಗ್ಗುಲಾಗಿ ಮಲಗಿದೆ ದೋಣಿ
ಎಮ್ಮೆಯ ಹಾಗೆ, ಯಾರ ಗೊಡವೆಯೂ ಬೇಡವೆಂದು.
"ಪೂರ್ತಿ ನನ್ನದೇ" ಅಂದ ಡೆಸ್ಮಂಡ್ ಥರ್ಗುಡ್,
ಕೈಯ ತುಕ್ಕು ಪ್ಯಾಂಟಿಗೆ ಒರೆಸಿಕೊಳ್ಳುತ್ತ.

ನಮ್ಮಪ್ಪ ಹಿರಿಯೂರಿನ ನೋಂದಣಿ ಕಚೇರಿ ಮುಂದೆ
ಮೂವತ್ತು ವರ್ಷ ಛಾಪಾಕಾಗದ ಮಾರಿದವನು.
ಯಾವ ಪತ್ರ ಬಂದರೂ ಮೊದಲು ಬೆರಳಿಡುತ್ತಿದ್ದದ್ದು ಚಕ್ಕುಬಂದಿಗೆ:
ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ.
ಇದಕ್ಕೇನು ಬರೆಯಲಿ, ಅಪ್ಪ?
ಪೂರ್ವಕ್ಕೆ ನೀರು. ಪಶ್ಚಿಮಕ್ಕೆ ನೀರು.
ಉತ್ತರಕ್ಕೆ, ಈಗಿನ ಮಟ್ಟಿಗೆ, ಕೆಸರು.
ದಕ್ಷಿಣಕ್ಕೆ ಡೆಸ್ಮಂಡ್.

ಒಳಗೆ ತೆವಳಿ, ಟಾರ್ಚು ಬಾಯಲ್ಲಿ ಕಚ್ಚಿ
ನಡುತೊಲೆಗೆ ಕೆತ್ತಿದ ಸಂಖ್ಯೆ ಹುಡುಕಿದೆ.
ಏಳು ಪದರ ಬಣ್ಣದಡಿ ಸಿಕ್ಕಿತು, ಆರು ಅಂಕಿ;
ನಡುವಿನದೊಂದು ಮೂರೋ ಎಂಟೋ,
ಉಗುರಿನಿಂದ ಕೆರೆದೆ. ಎಂಟು.

ಕಾರ್ಡಿಫ್ಫಿನಿಂದ ನಕಲು ಬಂತು.
ಇಲ್ಲಿ ಹಡಗೆಂದರೆ ಅರವತ್ತನಾಲ್ಕು ಪಾಲು;
ಯಾಕೆ ಅಂದರೆ, ಅಜ್ಜನ ಕಾಲದಿಂದ ಹಾಗೇ, ಅನ್ನುತ್ತಾರೆ.
ಬ್ಯಾಂಕಿನ ಅಡಮಾನ ತೀರಿದೆ. ಒಳ್ಳೆಯದು.
ಡೆಸ್ಮಂಡ್, ನಲವತ್ತಮೂರು.
ಹಿಲರಿ, ಇಪ್ಪತ್ತೊಂದು.

ಹಿಲರಿ ಯಾರು?
ಟೀ ಆರುವಷ್ಟು ಹೊತ್ತು ಸುಮ್ಮನಿದ್ದ.
ತಂಗಿ. ಟ್ಯಾಸ್ಮೇನಿಯಾ.
ಅಮ್ಮನನ್ನು ಮಣ್ಣು ಮಾಡಿದ ದಿನ ಏನೋ ಅಂದನಂತೆ,
ಏನೆಂದು ಹೇಳಲಿಲ್ಲ. ಹನ್ನೊಂದು ವರ್ಷ.
"ಅವಳಿಗೆ ನೆನಪೂ ಇರಲಿಕ್ಕಿಲ್ಲ, ಬಿಡಿ, ಸಹಿ ನಾನೇ..."
ಪೆನ್ನಿಗೆ ಮುಚ್ಚಳ ಹಾಕಿದೆ.
ನಾನು ಛಾಪಾಕಾಗದದ ಮಗಳು.

ಕಾಗದ ನಾನೇ ಬರೆದೆ. ಚಳಿಗಾಲವಿಡೀ ದೋಣಿ
ದಿನಕ್ಕೆರಡು ಸಲ ಎದ್ದಿತು, ಎರಡು ಸಲ ಮಲಗಿತು.
ಫೆಬ್ರುವರಿಯಲ್ಲಿ ದಪ್ಪ ಲಕೋಟೆ:
ಕ್ರಯಪತ್ರ, ಸಾಕ್ಷಿ ಸಮೇತ, ಇಪ್ಪತ್ತು ಪಾಲಿಗೆ.
ಅಂಚಿನಲ್ಲಿ ಪೆನ್ಸಿಲ್ಲು: ಒಂದು ನನಗಿರಲಿ.
ಡೆಸ್ಮಂಡನಿಗೆ ಹೇಳಿ, ನೆನಪಿದೆ.

ಕೊಳ್ಳಬೇಡ ಅನ್ನುತ್ತಿದ್ದ ಅಪ್ಪ, ಖಂಡಿತ;
ಪಾಲುದಾರರ ಸ್ವತ್ತೆಂದರೆ ಹುತ್ತದ ಬಾಯಿ.
ಆದರೆ ಅವನೇ ಹೇಳಿದ್ದು, ಯಾವ ಸರ್ವೆ ನಂಬರಿನಲ್ಲೂ
ಅಷ್ಟಿಷ್ಟು ಖರಾಬು ಇದ್ದೇ ಇರುತ್ತದೆ ಎಂದು.
ಬಂಡೆಯೋ ಹಳ್ಳವೋ, ಉಳಲಾಗದ್ದು. ಕಂದಾಯವಿಲ್ಲ,
ಪಹಣಿಯಲ್ಲಿ ಮಾತ್ರ ಉಂಟು.

ಏಪ್ರಿಲ್ಲಿನಲ್ಲಿ ಹಲಗೆಗಳ ಸಂದಿಗೆ ಹತ್ತಿ ಗಿಡಿದೆ.
ಎಡಬದಿಯ ಒಂದು ಸಂದಿ
ಎಷ್ಟು ಗಿಡಿದರೂ ಜಿನುಗುತ್ತದೆ.
ಖರಾಬು, ಒಂದು ಪಾಲು, ಎಂದು ವಹಿಯಲ್ಲಿ ಬರೆದುಕೊಂಡು
ಅದರಡಿಗೊಂದು ತಗಡಿನ ಡಬ್ಬಿ ಇಟ್ಟಿದ್ದೇನೆ.